ಒಂದು ಕಿಲೋ ಕಡಿಮೆ ಕೂಗಿದವಳು

ಅಂಗನವಾಡಿಗೆ ಸಹಾಯಕಿಯಾಗಿ ಹೊಸದಾಗಿ ಸೇರುವ ಹುಡುಗಿಯರಿಗೆ ತರಬೇತಿಯಲ್ಲಿ ಬಹಳ ಹೇಳುತ್ತಾರೆ. ಕೈ ತೊಳೆಸುವುದು ಹೇಗೆ, ಹಾಡು ಕಲಿಸುವುದು ಹೇಗೆ, ಎಲ್ಲ. ಮಗು ನಿಮ್ಮ ಸೀರೆಯ ಮೇಲೆ ಉಚ್ಚೆ ಹೊಯ್ದರೆ ಏನು ಮಾಡಬೇಕೆಂದು ಹೇಳುವುದಿಲ್ಲ. ಅದನ್ನು ನಾನು ಹೇಳುತ್ತೇನೆ. ಒಂದು ಹಳೆ ಸೀರೆ ಅಕ್ಕಿ ಡಬ್ಬಿಯ ಹಿಂದೆ ಇಟ್ಟಿರಿ. ಉಳಿದದ್ದು ಆಮೇಲೆ.

ನಾನು ಕಲಿತದ್ದು ಮೂರನೇ ಇಯತ್ತೆ. ಹಳಿಯಾಳ ಕಡೆಯ ಹಳ್ಳಿಯವಳು, ಮದುವೆಯಾಗಿ ದಾಂಡೇಲಿಗೆ ಬಂದೆ. ನಮ್ಮ ಓಣಿಯ ಅಂಗನವಾಡಿಯಲ್ಲಿ ಕಸ ಗುಡಿಸಿದೆ, ನೀರು ತುಂಬಿದೆ, ಒಲೆ ಹಚ್ಚಿದೆ, ಮನೆ ಮನೆಗೆ ಹೋಗಿ ಮಕ್ಕಳನ್ನು ಎಳೆದುಕೊಂಡು ಬಂದೆ. ಮಕ್ಕಳು ನನ್ನನ್ನು ಆಯಿ ಎನ್ನುತ್ತಿದ್ದವು, ಅವರ ತಾಯಂದಿರು ಯಲ್ಲವ್ವ ಎನ್ನುತ್ತಿದ್ದರು, ಸಿಟ್ಟು ಬಂದಾಗ ಇನ್ನೂ ಏನೇನೋ ಎನ್ನುತ್ತಿದ್ದರು. ಬರೆಯುವ ಕೆಲಸ ಅಕ್ಕೋರದು. ಸುನಂದಾ ಅಕ್ಕೋರು ನಮ್ಮ ಟೀಚರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ನನ್ನ ಕೈಗೆ ಬಂದ ಒಂದೇ ಲೆಕ್ಕದ ಕೆಲಸ ಎಂದರೆ ತೂಕ ಕೂಗುವುದು. ಅದರಲ್ಲೇ ನಾನು ತಪ್ಪು ಮಾಡಿದ್ದು.

ಆಗಿನ ತಕ್ಕಡಿ ದೊಡ್ಡ ಗಡಿಯಾರದ ಮುಖದಂತಿತ್ತು. ಅದನ್ನು ಪಡಸಾಲೆಯ ಕಬ್ಬಿಣದ ಕೊಂಡಿಗೆ ತೂಗುಹಾಕಿ, ಚಡ್ಡಿಯಂಥ ಚೀಲದಲ್ಲಿ ಮಗುವಿನ ಕಾಲು ತೂರಿಸಿ ಕೆಳಗೆ ಸಿಕ್ಕಿಸಬೇಕು. ಮಗು ಗಾಳಿಯಲ್ಲಿ ಒದೆಯುತ್ತದೆ, ಚೀರುತ್ತದೆ, ಮುಳ್ಳು ಕುಣಿಯುತ್ತದೆ. ಮುಳ್ಳು ನಿಂತ ಗಳಿಗೆಗೆ ನಾನು ಓದಿ ಕೂಗಬೇಕು. ಒಳಗೆ ಮೇಜಿನ ಹತ್ತಿರ ಕೂತ ಅಕ್ಕೋರು ಅದನ್ನು ಪುಸ್ತಕದಲ್ಲಿ ಬರೆದು, ಬಣ್ಣದ ಪಟ್ಟಿಯ ಹಾಳೆಯ ಮೇಲೆ ಚುಕ್ಕೆ ಇಡುತ್ತಾರೆ. ಚುಕ್ಕೆ ಕೆಂಪು ಪಟ್ಟಿಗೆ ಬಿದ್ದರೆ ಮಗು ತೀರಾ ಬಡಕಲು, ಹಳದಿಗೆ ಬಿದ್ದರೆ ಸ್ವಲ್ಪ ಬಡಕಲು, ಹಸಿರಿಗೆ ಬಿದ್ದರೆ ಚಲೋ. ಹಸಿರಿನ ಮೇಲೆ ಏನಿದೆ ಎಂದು ನಾವು ಯಾರೂ ತಲೆ ಎತ್ತಿ ನೋಡಲಿಲ್ಲ. ಅಲ್ಲಿಗೆ ಹೋಗುವ ಮಕ್ಕಳೇ ಇರಲಿಲ್ಲ. ನಾನು ಸೇರಿದ ಕಾಲದಲ್ಲಿ ಮಕ್ಕಳನ್ನು ಎತ್ತಿದರೆ ಕೈಗೆ ಎಲುಬು ಚುಚ್ಚುತ್ತಿತ್ತು.

ಎತ್ತುವುದು ಎಂದಾಗ ನಮ್ಮ ಹಳೆಯ ಮೇಲ್ವಿಚಾರಕಿ ಮೇಡಂ ನೆನಪಾಗುತ್ತಾರೆ. ಹೇಳದೆ ಕೇಳದೆ ಬರುತ್ತಿದ್ದರು. ಬಂದವರೇ ಸಾರಿನ ಪಾತ್ರೆಯ ಮುಚ್ಚಳ ತೆಗೆದು ಮೂಗು ಒಳಗೆ ಹಾಕುತ್ತಿದ್ದರು. ಆಮೇಲೆ ಒಂದು ಮಗುವನ್ನು ಎತ್ತಿ, "ಒಂಬತ್ತೂವರೆ" ಎನ್ನುತ್ತಿದ್ದರು. ತಕ್ಕಡಿಗೆ ಹಾಕಿದರೆ ಒಂಬತ್ತೂವರೆ! "ತಕ್ಕಡಿ ಕೆಡ್ತದೆ ಯಲ್ಲವ್ವ. ನಿನ್ನ ಕೈಗೆ ಗೊತ್ತಿರಬೇಕು" ಎಂದು ನನಗೂ ಕಲಿಸಿದರು. ಕೈಗೆ ಚೆನ್ನಾಗಿ ಗೊತ್ತಾಯಿತು. ಕೈಗೆ ಗೊತ್ತಿದ್ದೂ ಬಾಯಿ ಬೇರೆ ಹೇಳಿತು, ಅದು ಮುಂದೆ.

ಕಾಲ ಹೇಗೆ ಬದಲಾಯಿತು ಎಂದು ನನ್ನನ್ನು ಕೇಳಿದರೆ ಅಂಗಡಿಯ ಬಾಗಿಲು ತೋರಿಸುತ್ತೇನೆ. ಮೊದಲು ಅಲ್ಲಿ ಹಗ್ಗ, ಬುಟ್ಟಿ ತೂಗುತ್ತಿದ್ದವು. ಈಗ ಚಿಪ್ಸ್ ಪಾಕೀಟುಗಳು ಮದುವೆ ಮಾಲೆಯ ಹಾಗೆ ತೂಗುತ್ತವೆ. ಪೇಪರ್ ಮಿಲ್ಲಿನಿಂದ ಬರುವ ಅಪ್ಪನ ಕೈಯಲ್ಲಿ ಒಂದು ಪಾಕೀಟು, ಆಟೋ ಓಡಿಸುವ ಚಿಕ್ಕಪ್ಪನ ಕೈಯಲ್ಲಿ ಇನ್ನೊಂದು. ಗಣೇಶಗುಡಿಯಲ್ಲಿ ಪ್ರವಾಸಿಗಳ ಊಟ ಬಡಿಸುವ ಕೆಲಸಕ್ಕೆ ಹೋಗುವ ನಮ್ಮ ಓಣಿಯ ಹುಡುಗರು ಉಳಿದ ಬಣ್ಣದ ನೀರಿನ ಬಾಟಲಿ ತರುತ್ತಾರೆ. ನನ್ನ ತಂಗಿ ಮುಂಡಗೋಡದ ಸನವಳ್ಳಿಯಲ್ಲಿದ್ದಾಳೆ. ಅವಳನ್ನು ಕೇಳಿದರೆ ಅಲ್ಲಿಯೂ ಅದೇ ಮಾಲೆ. ಜೋಯಿಡಾ ಕಾಡಿನೊಳಗೆ ಬಸ್ಸು ಹೋಗದ ಕಡೆಗೂ ಪಾಕೀಟು ಹೋಗುತ್ತದೆ.

ಒಂದೇ ಅಂಗಡಿ, ಒಂದೇ ಪಾಕೀಟು. ಕೆಲವು ಮಕ್ಕಳು ಅದನ್ನು ತಿಂದು ಊಟ ಬಿಟ್ಟು ಬಡಕಲಾದವು. ಕೆಲವು ಅದನ್ನೂ ತಿಂದು ಊಟವನ್ನೂ ತಿಂದು ಉಬ್ಬಿದವು. ಪಕ್ಕಪಕ್ಕದ ಮನೆಯಲ್ಲಿ ಒಂದರ ಪಕ್ಕೆಲುಬು ಎಣಿಸಬಹುದು, ಇನ್ನೊಂದರ ಕುತ್ತಿಗೆ ಹುಡುಕಬೇಕು. ಬಡಕಲಿಗೆ ನಾವು ಮೊಟ್ಟೆ ಕೊಟ್ಟೆವು, ತಾಯಿಗೆ ಬೈದೆವು. ಉಬ್ಬಿದ ಮಗುವಿಗೆ ಗಲ್ಲ ಹಿಂಡಿ ಮುದ್ದು ಕೊಟ್ಟೆವು.

ಹಾಗೆ ಮುದ್ದು ತಿಂದವಳು ಮುಸ್ಕಾನ್.

ಅವಳ ಅಜ್ಜ ಲಾರಿ ಮೆಕ್ಯಾನಿಕ್, ಅಪ್ಪ ಆಟೋ ಓಡಿಸುತ್ತಾನೆ. ಮನೆ ನಡೆಸುವವಳು ಅಜ್ಜಿ ಜುಬೇದಾ. ಇವಳ ಬಾಯಿ ನನ್ನ ಬಾಯಿಗಿಂತ ದೊಡ್ಡದು ಎಂದರೆ ಓಣಿಯವರಿಗೆ ಅರ್ಥವಾಗುತ್ತದೆ. ಇವಳ ಮೊದಲ ಮಗ ಕೂಸಿದ್ದಾಗ ಭೇದಿಯಾಗಿ, ಒಣಗಿ, ಹೋಗಿಬಿಟ್ಟಿದ್ದ. ಹಾಗಾಗಿ ದಪ್ಪ ಮಗು ಎಂದರೆ ಅವಳಿಗೆ ಬದುಕುವ ಮಗು. ಮುಸ್ಕಾನ್‌ಗೆ ಬೆಳಿಗ್ಗೆ ಸಕ್ಕರೆ ಚಹಾದಲ್ಲಿ ಅದ್ದಿದ ಖಾರಿ ಬಿಸ್ಕೀಟು, ಮಧ್ಯಾಹ್ನ ಊಟ, ಸಂಜೆ ಅಪ್ಪನ ಪಾಕೀಟು, ರಾತ್ರಿ ಮಲಗುವಾಗ ಬಾಟಲಿ ತುಂಬ ಸಕ್ಕರೆ ಹಾಲು. ನಡುವೆ ನಮ್ಮಲ್ಲಿ ಊಟ. ಅದರಲ್ಲಿ ನನ್ನ ಪಾಲೂ ಇದೆ. ಇಪ್ಪತ್ತು ಮಕ್ಕಳು ಅನ್ನದ ತಟ್ಟೆ ಹಿಡಿದು ಅಳುವಾಗ ಒಬ್ಬಳು ತಟ್ಟೆ ನೆಕ್ಕಿ "ಆಯಿ, ಇನ್ನಷ್ಟು" ಎಂದರೆ ಯಾವ ಸಹಾಯಕಿ ಇಲ್ಲ ಎನ್ನುತ್ತಾಳೆ? ಎರಡು ಸಲ ಬಡಿಸುತ್ತಿದ್ದೆ.

ಮುಸ್ಕಾನ್‌ಗೆ ಎರಡು ವರ್ಷವಾದಾಗಿನ ಒಂದು ತೂಕದ ದಿನ. ಪಡಸಾಲೆಯ ತುಂಬ ತಾಯಂದಿರು. ಮಗುವನ್ನು ಚೀಲಕ್ಕೆ ಹಾಕಿದೆ. ಜುಬೇದಾ ನನ್ನ ಕಿವಿಗೆ ಬಾಯಿ ಹಚ್ಚಿದಳು.

"ಯಲ್ಲವ್ವ, ಖರೇ ತೂಕ ಕೂಗಬ್ಯಾಡ ಮತ್ತ. ಇಷ್ಟು ಮಂದಿ ಕಣ್ಣು ಬಿಟ್ಕೊಂಡು ಕುಂತಾರ. ನಜರ್ ಆಗ್ತೈತಿ."

"ಮತ್ತೇನ್ ಕೂಗ್ಲಿ?"

"ಒಂದ್ ಕಿಲೋ ಕಮ್ಮಿ ಕೂಗು. ನಿಂದೇನ್ ಹೋಗ್ತೈತಿ?"

ನನ್ನದೇನೂ ಹೋಗುತ್ತಿರಲಿಲ್ಲ. ದೃಷ್ಟಿಯಾಗುತ್ತದೆ ಎಂದು ನನ್ನ ಮಕ್ಕಳು ಚೆನ್ನಾಗಿ ಉಂಡದ್ದನ್ನು ನಾನೂ ಯಾರಿಗೂ ಹೇಳಿದವಳಲ್ಲ. ಒಂದು ಕಿಲೋ ಕಡಿಮೆ ಕೂಗಿದೆ. ಅಕ್ಕೋರು ಬರೆದರು.

ಮುಂದಿನ ತಿಂಗಳು ಖರೇ ಕೂಗಿದರೆ ಒಂದೇ ತಿಂಗಳಲ್ಲಿ ಮಗು ಹಾರಿದಂತಾಗುತ್ತದಲ್ಲ. ಹಾಗಾಗಿ ಮತ್ತೆ ಕಡಿಮೆ. ಮಗು ಬೆಳೆದಂತೆ ಸುಳ್ಳೂ ಬೆಳೆಯಿತು. ಒಂದು ಕಿಲೋ ಎರಡಾಯಿತು, ಎರಡು ಮೂರಾಯಿತು, ಮೂರೂ ದಾಟಿತು. ನೋಡಿದ ಬೇರೆ ದಪ್ಪ ಮಕ್ಕಳ ತಾಯಂದಿರೂ ಕಿವಿಗೆ ಬಂದರು. ನಾಲ್ಕು ಮಕ್ಕಳಿಗೆ ಈ ಸೇವೆ ಮಾಡಿದೆ. ಒಂದು ಮಾತು ಮಾತ್ರ ಹೇಳುತ್ತೇನೆ. ಬಡಕಲು ಮಗುವಿಗೆ ಒಂದು ಮುಳ್ಳುಗೆರೆಯಷ್ಟೂ ಹೆಚ್ಚು ಕೂಗಲಿಲ್ಲ. ಕೂಗಿದರೆ ಅದರ ಮೊಟ್ಟೆ ತಪ್ಪುತ್ತಿತ್ತು, ಅದು ಪಾಪ ಎಂದು ಗೊತ್ತಿತ್ತು. ದಪ್ಪ ಮಗುವಿನ ವಿಷಯದಲ್ಲಿ ಸುಳ್ಳು ಹೇಳಿದರೆ ಯಾರದಾದರೂ ಏನಾದರೂ ತಪ್ಪುತ್ತದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಇನ್ನೊಂದು ತಮಾಷೆ ನೋಡಿ. ಕಡಿಮೆ ಕೂಗು ಎಂದವಳೇ ಜುಬೇದಾ, ಆದರೆ ಕೂಗಿದ್ದನ್ನು ಅವಳೇ ನಂಬತೊಡಗಿದಳು. "ಬರೇ ಹದಿನಾರ್ ಅದಾಳ, ಹೋದ ತಿಂಗಳೂ ಹದಿನಾರು. ಏರವಲ್ಲದು" ಎಂದು ಬಾಟಲಿಗೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತಿದ್ದಳು. ನಾನೂ ಪಾಪ ಎಂದು ಇನ್ನೊಂದು ಸೌಟು ಬಡಿಸುತ್ತಿದ್ದೆ.

ಮೂರು ದಾಟುವಾಗ ಮುಸ್ಕಾನ್ ನಡೆಯುವುದನ್ನು ನೋಡಿದರೆ ಬಾತುಕೋಳಿ. ಅಂಗನವಾಡಿಗೆ ಮೂರೇ ಮೆಟ್ಟಿಲು, ಎರಡನೆಯದರಲ್ಲಿ ಕೂತು ಉಸಿರು ಬಿಡುತ್ತಿದ್ದಳು. ಮಧ್ಯಾಹ್ನ ಮಲಗಿಸಿದರೆ ಮಿಲ್ಲಿನ ಯಂತ್ರದ ಹಾಗೆ ಗೊರಕೆ, ಉಳಿದ ಮಕ್ಕಳು ಎದ್ದು ಕೂರುತ್ತಿದ್ದವು. ಕುತ್ತಿಗೆಯ ಹಿಂದೆ ಕಪ್ಪು ಮಡಿಕೆ. ಕೊಳೆ ಎಂದು ಜುಬೇದಾ ಕಡಲೆ ಹಿಟ್ಟು ಹಾಕಿ ಉಜ್ಜುತ್ತಿದ್ದಳು, ನಾನು ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಿದ್ದೆ. ಕೂಸು ಅಳುತ್ತಿತ್ತು, ಕಪ್ಪು ಹೋಗಲಿಲ್ಲ.

ಆಗ ಹೊಸ ಯಂತ್ರ ಬಂತು. ಹಲಗೆಯಂಥದ್ದು, ಮಗು ಮೇಲೆ ನಿಂತರೆ ಅಂಕಿ ತಾನೇ ಹೊಳೆಯುತ್ತದೆ. ಜೊತೆಗೆ ಎತ್ತರ ಅಳೆಯುವ ಕೋಲು. ಅಕ್ಕೋರ ಮೊಬೈಲಿಗೆ ತೂಕ, ಎತ್ತರ ಎರಡನ್ನೂ ಹಾಕಿದರೆ ಮಗು ಬಡಕಲೋ, ಸರಿಯೋ, ಅತಿ ದಪ್ಪವೋ ಎಂದು ಅದೇ ಹೇಳುತ್ತದೆ. ಕೂಗುವವಳು ಬೇಡ. ಮೊದಲ ದಿನ ತೋರಿಸಿಕೊಡಲು ಹೊಸ ಮೇಲ್ವಿಚಾರಕಿ ಮೇಡಂ ತಾವೇ ಬಂದು ಕೂತಿದ್ದರು.

ಮುಸ್ಕಾನ್ ನಿಂತಳು. ಇಪ್ಪತ್ತೊಂದು ಚಿಲ್ಲರೆ.

ಅಕ್ಕೋರು ಹಳೆಯ ಪುಸ್ತಕ ನೋಡಿದರು. ಹದಿನೇಳು. "ಮೇಡಂ, ಒಂದೇ ತಿಂಗಳದಾಗ ನಾಕು ಕಿಲೋ ಏರ್ಯಾಳ."

"ಸಾಧ್ಯವಿಲ್ಲ. ಇಳಿಸಿ, ಮತ್ತೆ ನಿಲ್ಲಿಸಿ."

ಮತ್ತೆ ಇಪ್ಪತ್ತೊಂದು. ಚಪ್ಪಲಿ ಬಿಚ್ಚಿಸಿದರು, ಬಳೆ ಬಿಚ್ಚಿಸಿದರು, ಜೇಬಿನಲ್ಲಿದ್ದ ಎರಡು ಬಿಸ್ಕೀಟು ತೆಗೆಸಿದರು. ಇಪ್ಪತ್ತೊಂದೇ. ಯಂತ್ರ ಕೆಟ್ಟಿದೆ ಎಂದಾಯಿತು. ಅಂಗಡಿಯಿಂದ ಐದು ಕಿಲೋ ಹಿಟ್ಟಿನ ಒಡೆಯದ ಚೀಲ ತರಿಸಿ ಇಟ್ಟರು. ಯಂತ್ರ ಐದು ಎಂದಿತು. ಅಕ್ಕೋರು ತಾವೇ ಹತ್ತಿದರು, ಅಂಕಿ ನೋಡಿ ಲಗುಬಗೆಯಿಂದ ಇಳಿದರು. "ಇದು ಬರೋಬ್ಬರಿನ ಐತ್ರಿ ಮೇಡಂ" ಎಂದರು ಸಣ್ಣ ದನಿಯಲ್ಲಿ.

ಯಂತ್ರ ಖರೇ, ಹಿಟ್ಟು ಖರೇ, ಅಕ್ಕೋರು ಖರೇ. ಉಳಿದವಳು ನಾನು. ಎಲ್ಲರೂ ನನ್ನ ಕಡೆ ತಿರುಗಿದರು.

"ಯಲ್ಲವ್ವಕ್ಕ?" ಎಂದರು ಅಕ್ಕೋರು.

"ಕಮ್ಮಿ ಕೂಗೇನ್ರಿ" ಎಂದೆ. "ವರ್ಷದ ಮ್ಯಾಲ ಆತು. ಕಣ್ಣ ಬೀಳಬಾರ್ದಂತ."

ಮೇಡಂ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ನಿಮಗೆ ನೋಟಿಸ್ ಕೊಡಬೇಕಾಗ್ತದೆ."

"ಕೊಡ್ರಿ. ಓದಾಕ ಅಕ್ಕೋರ ಅದಾರ."

ಅಂದು ಬೈಸಿಕೊಂಡದ್ದನ್ನು ಇಲ್ಲಿ ಬರೆಸುವುದಿಲ್ಲ, ಕಾಗದ ಸಾಲದು. ಒಂದು ಸಂಗತಿಗೆ ಮಾತ್ರ ಮೇಡಂಗೆ ಶರಣು. ಬೈದು ಮುಗಿಸಿ, "ಇನ್ನು ಯಾರ್ಯಾರಿಗೆ ಹೀಗೆ ಮಾಡಿದ್ದೀರಿ, ಹೆಸರು ಹೇಳಿ" ಎಂದು ಕೇಳಿ, ನಾಲ್ಕೂ ಮಕ್ಕಳನ್ನು ಸರಕಾರಿ ದವಾಖಾನೆಗೆ ಕಳಿಸಿದರು. ಮೂರು ಮಕ್ಕಳು ಬರೀ ದಪ್ಪ, ಪಾಕೀಟು ಬಿಟ್ಟರೆ ಸರಿಹೋಗುತ್ತವೆ ಎಂದರು. ಮುಸ್ಕಾನ್‌ಳನ್ನು ಡಾಕ್ಟರ್ ಬಹಳ ಹೊತ್ತು ನೋಡಿದರು. ಜೊತೆಗೆ ಹೋದವಳು ನಾನೇ.

"ಇದು ಕೊಳೆ ಅಲ್ಲ" ಎಂದರು ಕುತ್ತಿಗೆ ತೋರಿಸಿ. "ಉಜ್ಜಬೇಡಿ. ಒಳಗೆ ಸಕ್ಕರೆ ಕಾಯಿಲೆಯ ಕಡೆಗೆ ಮೈ ಹೊರಟಿದೆ ಅನ್ನೋ ಗುರುತು. ಹೀಗೇ ಬಿಟ್ಟರೆ ದೊಡ್ಡವಳಾಗೋ ಮೊದಲೇ ಬರಬಹುದು. ಗೊರಕೆ, ಮೊಣಕಾಲು, ಎಲ್ಲಾ ಅದೇ ಭಾರದಿಂದ. ಉಪವಾಸ ಕೆಡವಬೇಡಿ. ಮನೆ ಊಟ ಹಾಕಿ. ಬಾಟಲಿ, ಸಿಹಿ ಚಹಾ, ಪಾಕೀಟು ಬಿಡಿಸಿ. ಓಡಾಡಲಿ. ಚಿಕ್ಕ ಮಗು, ತೂಕ ಇಳಿಸೋದು ಬೇಕಿಲ್ಲ. ಏರದಂತೆ ತಡೆದರೆ ಎತ್ತರ ಬಂದು ಸರಿ ಮಾಡ್ಕೊಳ್ತದೆ."

ಜುಬೇದಾ ಡಾಕ್ಟರ್ ಮುಂದೆ ತಲೆ ಆಡಿಸಿದಳು. ಹೊರಗೆ ಬಂದವಳೇ, "ಮಶೀನ್ ಕೆಟ್ಟೈತಿ, ಡಾಕ್ಟರ್ ಸಣ್ಣ ಹುಡುಗ ಅದಾನ" ಎಂದಳು. "ಹೋದ ತಿಂಗಳ ನೀನ ಕೂಗಿದಿ, ಹದಿನೇಳು."

"ನೀನ ಕೂಗ್ಸಿದಿ."

"ನಾ ಒಂದ್ ಕಿಲೋ ಅಂದಿದ್ದೆ!"

"ಆಮ್ಯಾಗ ನಿನ್ನ ಮೊಮ್ಮಗಳು ಸುಮ್ನ ಕುಂತಿದ್ಲೇನು?"

"ಹುಡುಗಿ ತಿಂದ್ರ ನಿನ್ನ ಹೊಟ್ಟಿ ಉರೀತೈತಿ ಯಲ್ಲವ್ವ. ಇಷ್ಟ ದಿನ ಕಣ್ಣ ಹಾಕಿದಾಕಿ ನೀನ."

ಆಗ ನನ್ನ ಬಾಯಿಗೆ ಬೀಗ ಇರಲಿಲ್ಲ, ಈಗಲೂ ಇಲ್ಲ. ಅವಳ ಗಂಡನಿಗೆ ಸಕ್ಕರೆ ಕಾಯಿಲೆ, ಹಿಂದಿನ ವರ್ಷ ಎಡಗಾಲಿನ ಎರಡು ಬೆರಳು ತೆಗೆದಿದ್ದರು. ಗ್ಯಾರೇಜು ಬಿಟ್ಟು ಮನೆಯಲ್ಲಿ ಕೂತಿದ್ದ. ದಿನಾ ಬೆಳಿಗ್ಗೆ ಆ ಗಾಯ ತೊಳೆದು ಪಟ್ಟಿ ಕಟ್ಟುವವಳು ಇವಳೇ.

"ಅಣ್ಣಾರ ಕಾಲು ದಿನಾ ನೀನ ತೊಳೀತಿ" ಎಂದೆ. "ಆ ವಾಸನಿ ನಿನಗ ಗೊತ್ತೈತಿ, ನನಗ ಗೊತ್ತಿಲ್ಲ. ಹುಡುಗಿ ಕಾಲು ಮುಂದ ಯಾರು ತೊಳೀಬೇಕು, ಅದನ್ನೂ ನೀನ ಹೇಳು."

ದವಾಖಾನೆಯ ಗೇಟಿನಲ್ಲಿ ಅವಳು ನಿಂತುಬಿಟ್ಟಳು. ಮುಸ್ಕಾನ್‌ಳನ್ನು ಕಂಕುಳಿಗೆ ಎತ್ತಿಕೊಂಡು ಮಗನ ಆಟೋ ಹತ್ತಿ ಹೋದಳು. ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ಬಿಸಿಲಿನಲ್ಲಿ ನಡೆದು ಬಂದೆ.

ಹದಿನೈದು ದಿನ ಮಗು ಅಂಗನವಾಡಿಗೆ ಬರಲಿಲ್ಲ. ಮನೆಗೆ ಕರೆಯಲು ಹೋದರೆ ಬಾಗಿಲು ತೆಗೆಯಲಿಲ್ಲ, ಒಳಗೆ ಟಿವಿ ಕೇಳುತ್ತಿತ್ತು. "ನಿಮಗ ಮಾತಾಡಾಕ ಬರೂದಿಲ್ಲ ಯಲ್ಲವ್ವಕ್ಕ" ಎಂದು ಅಕ್ಕೋರು ಗೊಣಗಿದರು. ಬರುವುದಿಲ್ಲ, ನಿಜ. ಆದರೆ ಚಾರ್ಟು ತೋರಿಸಿ ಇಂಪಾಗಿ ಹೇಳಲು ಹೋದ ಅಕ್ಕೋರಿಗೂ ಬಾಗಿಲು ತೆಗೆದಿರಲಿಲ್ಲ. ಆ ಹದಿನೈದು ದಿನ ನನಗೆ ಒಂದೇ ಚಿಂತೆ. ಮಗು ನಮ್ಮ ಕಡೆ ಬರುವುದೇ ಬಿಟ್ಟರೆ ಅದರ ಬಾಟಲಿ ಯಾರು ಬಿಡಿಸುತ್ತಾರೆ?

ಹದಿನಾರನೆಯ ದಿನ ನಾನು ಬೇಳೆ ಆರಿಸುತ್ತಿದ್ದೆ. ಮುಂದೆ ನೆರಳು ಬಿತ್ತು. ಜುಬೇದಾ, ಕೈಯಲ್ಲಿ ಮುಸ್ಕಾನ್. ಮುಖ ಬೇರೆ ಕಡೆ.

"ಚಹಾಕ್ಕ ಸಕ್ಕರಿ ಎಷ್ಟ ಹಾಕೂದು?"

"ಹಾಕಬ್ಯಾಡ. ಚಹಾನ ಕೊಡಬ್ಯಾಡ."

"ಎರಡು ಚಮಚ?"

"ಇಲ್ಲ."

"ಒಂದು? ನೋಡು, ಕೂಸು ಐತಿ."

"ಕಾಯಿಪಲ್ಲೆ ಸಂತ್ಯಾಗ ಕುಂತೀ ಏನ್? ಇಲ್ಲಂದ್ರ ಇಲ್ಲ."

"ಬಾಟ್ಲಿ ನಿನ್ನೆ ಒಲ್ಯಾಗ ಹಾಕೇನಿ" ಎಂದಳು. "ರಾತ್ರಿ ಪೂರಾ ಅತ್ತಾಳ. ನಿನ್ನ ಹೆಸರ್ ಹೇಳಿ ಬೈದೇನಿ."

"ಬೈಯವ್ವ. ಬಾ ಒಳಗ."

ಕಣ್ಣು ಬೀಳುವ ಚಿಂತೆ ಅವಳಿಗೆ ಹೋಗಿರಲಿಲ್ಲ. ತೂಕದ ದಿನ ಹೊಳೆಯುವ ಅಂಕಿಯನ್ನು ಸೆರಗಿನಿಂದ ಮುಚ್ಚಲು ನೋಡುತ್ತಿದ್ದಳು. ಅದಕ್ಕೆ ನಾನು ಕಾಡಿಗೆ ಡಬ್ಬಿ ತಂದು ಮಗುವಿನ ಕಿವಿಯ ಹಿಂದೆ ಒಂದು ಬೊಟ್ಟು ಇಟ್ಟೆ, ಯಂತ್ರದ ಮೂಲೆಗೂ ಒಂದು ಇಟ್ಟೆ. "ಈಗ ತೂಗು" ಎಂದಳು ಜುಬೇದಾ. ಮುಂದೆ ಮೇಡಂ ಬಂದು ಇದೇನು ಕಲೆ ಎಂದು ಉಜ್ಜಿದರು, ಹೋಗಲಿಲ್ಲ. ನೀವೂ ಹಾಗೇ ಮಾಡಿರಿ. ತಾಯಂದಿರ ನಂಬಿಕೆಗೆ ನಗಬೇಡಿ, ಬೊಟ್ಟು ಇಡಿರಿ. ಅಂಕಿಯನ್ನು ಮಾತ್ರ ಮುಟ್ಟಬೇಡಿ.

ಅಂದಿನಿಂದ ಮುಸ್ಕಾನ್‌ಗೆ ಎರಡನೇ ಸಲದ ಅನ್ನ ನಿಲ್ಲಿಸಿದೆ. ಆಟೋದಲ್ಲಿ ಬರುವುದು ನಿಂತಿತು, ನಡೆದುಕೊಂಡೇ ಬರಬೇಕು. ಮತ್ತೆ ಅವಳಿಗೆ ಒಂದು ನೌಕರಿ ಕೊಟ್ಟೆ. ನಾನು ಚೆಲ್ಲುವ ತರಕಾರಿ ಸಿಪ್ಪೆಗೆ ಓಣಿಯ ಆಡುಗಳು ಅಂಗಳಕ್ಕೆ ನುಗ್ಗುತ್ತಿದ್ದವು. ಅವನ್ನು ಓಡಿಸುವುದು ಮುಸ್ಕಾನ್ ಕೆಲಸ. ಮೊದಲ ವಾರ ಕೂತಲ್ಲಿಂದಲೇ "ಹೋಶ್" ಎನ್ನುತ್ತಿದ್ದಳು, ಆಡುಗಳು ಅವಳನ್ನು ನೋಡುತ್ತ ಸಿಪ್ಪೆ ತಿನ್ನುತ್ತಿದ್ದವು. ಎರಡನೇ ವಾರ ಎದ್ದು ನಿಂತಳು. ತಿಂಗಳು ಕಳೆದ ಮೇಲೆ ಬೆನ್ನಟ್ಟಿದಳು.

ಆರು ತಿಂಗಳಿಗೆ ಜುಬೇದಾ ಮತ್ತೆ ಜಗಳಕ್ಕೆ ಬಂದಳು. "ಆರು ತಿಂಗಳಾತು, ಅರ್ಧ ಕಿಲೋನೂ ಏರಿಲ್ಲ. ನನ್ನ ಕೂಸನ್ನ ಉಪವಾಸ ಕೆಡವಿರಿ ನೀವು!" ಅಕ್ಕೋರು ಎತ್ತರದ ಕೋಲು ತಂದು ಹಳೆಯ ಗುರುತು, ಹೊಸ ಗುರುತು ತೋರಿಸಿದರು. ನಡುವೆ ನನ್ನ ಮೂರು ಬೆರಳು ಹಿಡಿಯುವಷ್ಟು ಅಂತರ. ಅವಳು ತನ್ನ ಬೆರಳನ್ನೂ ಇಟ್ಟು ನೋಡಿದಳು. ಆಮೇಲೆ ಗಂಡನನ್ನು ಕರೆತಂದು ತೋರಿಸಿದಳು. ಅವನು ಊರುಗೋಲು ಹಿಡಿದು ಕುಂಟುತ್ತ ಬಂದು, ನೋಡಿ, ಮೊಮ್ಮಗಳ ತಲೆ ಸವರಿ ಹೋದ. ಅಂದಿನಿಂದ ಅವನೂ ಸಂಜೆ ಬಿಸ್ಕೀಟು ತರಿಸುವುದು ಬಿಟ್ಟ.

ಎಲ್ಲ ಸರಿಯಾಯಿತು ಎಂದು ಬರೆಸಿದರೆ ಮತ್ತೆ ಸುಳ್ಳು ಕೂಗಿದಂತಾಗುತ್ತದೆ. ಶಾಲೆಗೆ ಸೇರುವ ಮುಂಚಿನ ಕೊನೆಯ ತೂಕದ ದಿನವೂ ಅಕ್ಕೋರ ಮೊಬೈಲು ಅವಳನ್ನು ದಪ್ಪ ಎಂದೇ ಹೇಳಿತು. ಅತಿ ದಪ್ಪ ಎನ್ನುವುದು ಹೋಗಿತ್ತು, ಅಷ್ಟೆ. ಕುತ್ತಿಗೆಯ ಕಪ್ಪು ತುಸು ತಿಳಿಯಾಗಿತ್ತು. ಗೊರಕೆ ನಿಂತಿತ್ತು. ಡಾಕ್ಟರ್ ವರ್ಷಕ್ಕೆರಡು ಸಲ ಬರಲು ಹೇಳಿದ್ದರು.

ಅಂದು ಅಕ್ಕೋರು ಇದನ್ನೆಲ್ಲ ಜುಬೇದಾಗೆ ಬಿಡಿಸಿ ಹೇಳುತ್ತಿದ್ದರು. ಅಷ್ಟರಲ್ಲಿ ಅಂಗಳದಲ್ಲಿ ಆಡು ಕಂಡಿತು. ಮುಸ್ಕಾನ್ ಯಂತ್ರದಿಂದ ಹಾರಿ, ಮೂರು ಮೆಟ್ಟಿಲನ್ನೂ ಒಂದೇ ಸಲಕ್ಕೆ ಇಳಿದು ಓಡಿದಳು. "ಠೈರ್ ಗೇ! ನಿಂದ್ರ, ಬೀಳ್ತಿ!" ಎಂದು ಜುಬೇದಾ ಹಿಂದೆ ಓಡಿದಳು. ನೀರಿನ ಟಾಕಿಯ ಸುತ್ತ ಒಂದು ಸುತ್ತು ಹೊಡೆಯುವಷ್ಟರಲ್ಲಿ ಎದೆ ಹಿಡಿದುಕೊಂಡು ಟಾಕಿಯ ಕಟ್ಟೆಯ ಮೇಲೆ ಕುಸಿದಳು.

"ಯಲ್ಲವ್ವ, ನೀನ ಹಿಡ್ಕೊಂಡ್ ಬಾ ಅಕೀನ" ಎಂದಳು ಏದುಸಿರು ಬಿಡುತ್ತ. "ನನ್ನ ಕೈಲೆ ಆಗೂದಿಲ್ಲ ಇನ್ನ."

ನಾನು ಸೀರೆ ಎತ್ತಿ ಕಟ್ಟಿದೆ. ಎರಡು ಸುತ್ತು ಓಡಿದೆ. ನನ್ನ ಕೈಗೂ ಸಿಗಲಿಲ್ಲ.